ಆಗುಂಬೆ ಘಾಟಿ: ಹೇರೆತ್ತಿನ ಹಾದಿಯಿಂದ ಸೂರ್ಯಾಸ್ತದ ಕಟ್ಟೆಯವರೆಗೆ

ಕರಾವಳಿಯವರ ಬಾಯಲ್ಲಿ ಮಲೆನಾಡು ‘ಘಟ್ಟದ ಮೇಲೆ’. ಮಲೆನಾಡಿನವರ ಬಾಯಲ್ಲಿ ಕರಾವಳಿ ‘ಘಟ್ಟದ ಕೆಳಗೆ’. ಹೆಣ್ಣು ಕೊಡುವಾಗ, ಕೂಲಿಗೆ ಹೊರಡುವಾಗ, ದನ ಕೊಳ್ಳುವಾಗ, ಯಕ್ಷಗಾನದ ಮೇಳ ಬರುವುದನ್ನು ಕಾಯುವಾಗ ನಮ್ಮ ಹಿರಿಯರು ಬಳಸುತ್ತಿದ್ದುದು ಈ ಎರಡೇ ಮಾತುಗಳನ್ನು. ಪೂರ್ವ, ಪಶ್ಚಿಮ ಎಂಬ ದಿಕ್ಕುಗಳಿಗಿಂತ ಘಟ್ಟವೇ ಅವರಿಗೆ ದೊಡ್ಡ ಗುರುತು. ಅಂಥ ಘಟ್ಟವನ್ನು ದಾಟುವ ಕಣಿವೆದಾರಿಗಳು ಕನ್ನಡ ನಾಡಿನಲ್ಲಿ ಹಲವಿವೆ: ಶಿರಾಡಿ, ಚಾರ್ಮಾಡಿ, ಬಿಸಿಲೆ, ಸಂಪಾಜೆ, ಹುಲಿಕಲ್, ಆಗುಂಬೆ. ಇವುಗಳಲ್ಲಿ ಆಗುಂಬೆಯ ಹೆಸರು ಇಂದು ವಿಹಾರಕ್ಕೂ ನಿಸರ್ಗಪ್ರೇಮಕ್ಕೂ ಪರ್ಯಾಯಪದವೆನಿಸಿದೆ.

‘ಆಗುಂಬೆಗೆ ಹೋಗಿ ಬಂದೆವು ಸಾರ್’ ಎಂದು ಚಿತ್ರಗಳನ್ನು ಕಳುಹಿಸುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಹತ್ತಾರು ಮಂದಿ. ಮಂಜು, ಸೂರ್ಯಾಸ್ತ, ಜಲಪಾತ, ಬಿಸಿ ಬಿಸಿ ನೀರುದೋಸೆ ಎಲ್ಲವೂ ಆ ಚಿತ್ರಗಳಲ್ಲಿರುತ್ತವೆ. ಇರದಿರುವುದು ಆ ದಾರಿಯ ಚರಿತ್ರೆ. ಸಮಾಜವಿಜ್ಞಾನದ ಮೇಷ್ಟರಾಗಿದ್ದ ನನಗೆ ಆ ಕೊರತೆಯನ್ನು ಕೈಲಾದಷ್ಟು ತುಂಬಬೇಕೆನ್ನಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಜನ ಹೆದರಿ ದಾಟುತ್ತಿದ್ದ ಒಂದು ಕಾಡುದಾರಿ, ಜನ ಹುಡುಕಿಕೊಂಡು ಬರುವ ತಾಣವಾದದ್ದು ಹೇಗೆ ಎಂಬುದು ಇಲ್ಲಿಯ ಪ್ರಶ್ನೆ.

ಮಳೆಯ ಲೆಕ್ಕ

ಮೊದಲು ಭೂಗೋಳ. ಆಗುಂಬೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಊರು ದಾಟಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ನೆಲವೇ ಕಡಿದಂತೆ ಕೆಳಗಿಳಿಯುತ್ತದೆ. ಅಲ್ಲಿಂದ ಹದಿನಾಲ್ಕು ಕಡಿದಾದ ತಿರುವುಗಳನ್ನು ಸುತ್ತಿಕೊಂಡು ಇಳಿದರೆ ಉಡುಪಿ ಜಿಲ್ಲೆಯ ಸೋಮೇಶ್ವರ. ಮುಂದೆ ಹೆಬ್ರಿ, ಉಡುಪಿ, ಮಲ್ಪೆಯ ಕಡಲು.

ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಬರುವ ನೈಋತ್ಯ ಮಾರುತಕ್ಕೆ ಎದುರಾಗುವ ಮೊದಲ ಗೋಡೆ ಇದು. ಗಾಳಿ ಒಮ್ಮೆಲೇ ಮೇಲೇರಬೇಕಾಗುತ್ತದೆ, ಏರಿದಂತೆ ತಂಪಾಗುತ್ತದೆ, ತಂಪಾದಂತೆ ಹೊತ್ತುದನ್ನೆಲ್ಲ ಇಲ್ಲಿಯೇ ಇಳಿಸುತ್ತದೆ. ಹೀಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದೇ ಗಾಳಿ ತೀರ್ಥಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಶಿವಮೊಗ್ಗ ನಗರದಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸು. ನೂರು ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿ ಇಷ್ಟು ವ್ಯತ್ಯಾಸ! 1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಲ್ಲಿ ಸುರಿಯುವುದಕ್ಕಿಂತ ಹೆಚ್ಚು ಮಳೆ ಮೂವತ್ತೊಂದು ದಿನಗಳಲ್ಲಿ ಸುರಿದಿತ್ತು. ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಆಗುಂಬೆಗೆ ಬಂದದ್ದು ಹೀಗೆ. ಈಚಿನ ಕೆಲವು ವರ್ಷಗಳಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್ ಆಗುಂಬೆಯನ್ನು ಮೀರಿಸಿದ್ದೂ ಉಂಟು.

ಎತ್ತುಗಳ ದಾರಿ

ಈ ಮಳೆಯ ಕಾಡನ್ನು ಜನ ದಾಟುತ್ತಿದ್ದುದು ನೋಟಕ್ಕಾಗಿಯಲ್ಲ, ಉಪ್ಪಿಗಾಗಿ. ಘಟ್ಟದ ಮೇಲೆ ಅಡಿಕೆ, ಮೆಣಸು, ಏಲಕ್ಕಿ, ಅಕ್ಕಿ ಬೆಳೆಯುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಘಟ್ಟದ ಕೆಳಗಿನಿಂದಲೇ ಬರಬೇಕಿತ್ತು. ಗಾಡಿ ಹೋಗದ ಕಡಿದಾದ ಹಾದಿಗಳಲ್ಲಿ ಹೇರೆತ್ತುಗಳ ಸಾಲು ಈ ಸರಕನ್ನು ಸಾಗಿಸುತ್ತಿತ್ತು. ಮಳೆಗಾಲ ಹಿಡಿಯುವ ಮೊದಲೇ ಮನೆಮನೆಯಲ್ಲೂ ಉಪ್ಪು, ಒಣಮೀನು, ಒಣಮೆಣಸಿನಕಾಯಿಗಳ ದಾಸ್ತಾನಾಗಬೇಕು. ಹಿಡಿದ ಮೇಲೆ ದಾರಿ ಮುಚ್ಚಿದಂತೆಯೇ. ಕಂಬಳಿಕೊಪ್ಪೆ, ಗೊರಬುಗಳನ್ನು ಹೊದ್ದು, ಕಾಲಿಗೆ ಹತ್ತುವ ಉಂಬಳಗಳಿಗೆ ಸುಣ್ಣ ಹೊಗೆಸೊಪ್ಪು ಸವರುತ್ತ ನಡೆಯುತ್ತಿದ್ದವರ ಹಾದಿ ಇದು.

ಕೆಳದಿಯ ಅರಸರ ಬಲದ ಗುಟ್ಟು ಇಂಥ ಘಟ್ಟದ ಬಾಯಿಗಳಲ್ಲಿಯೇ ಇತ್ತು. ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ರಾಜಧಾನಿಯನ್ನಿಟ್ಟುಕೊಂಡ ಅವರು ಘಟ್ಟದ ಮೇಲಿನ ಮೆಣಸನ್ನೂ ಕೆಳಗಿನ ಬಂದರುಗಳನ್ನೂ ಒಂದೇ ಕೈಯಲ್ಲಿ ಹಿಡಿದಿದ್ದರು. ಶಿವಪ್ಪನಾಯಕನ ಕಾಲದಲ್ಲಿ (1645–1660) ಕರಾವಳಿಯಲ್ಲಿ ಪೋರ್ಚುಗೀಸರ ಕೈ ಕುಗ್ಗಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅವನಿಗೆ ಕೋಟೆಯ ಜೊತೆಗೆ ಕಡಲಿಗಿಳಿಯುವ ದಾರಿಗಳೂ ದಕ್ಕಿದವು.

1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕನ್ನಡ ಕರಾವಳಿಯನ್ನು ತಾನಿಟ್ಟುಕೊಂಡು, ಘಟ್ಟದ ಮೇಲಿನ ನಾಡನ್ನು ಮೈಸೂರು ಅರಸರಿಗೆ ಒಪ್ಪಿಸಿತು. ಅಂದಿನಿಂದ ಆಗುಂಬೆಯ ಅಂಚು ಎರಡು ಸರ್ಕಾರಗಳ ಗಡಿಯಾಯಿತು. ಮೇಲೆ ಮೈಸೂರು ಸಂಸ್ಥಾನ, ಕೆಳಗೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಕಾನೂನು ಬೇರೆ, ಕಂದಾಯ ಬೇರೆ, ಶಾಲೆಯ ಪಠ್ಯ ಬೇರೆ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸ್ಥಿತಿ ಮುಂದುವರಿಯಿತು. ಏಕೀಕರಣವೆಂದರೆ ನಾವು ಹುಬ್ಬಳ್ಳಿ, ಕಲಬುರಗಿಗಳನ್ನು ನೆನೆಯುತ್ತೇವೆ. ಆದರೆ ಆಗುಂಬೆಯಂಥ ಘಟ್ಟದ ತಲೆಯಲ್ಲಿಯೂ ಅಂದು ಒಂದು ಗಡಿರೇಖೆ ಅಳಿಯಿತೆಂಬುದನ್ನು ಮರೆಯಬಾರದು.

ಆದರೂ ಸರ್ಕಾರಗಳು ಎಳೆದ ಗೆರೆಯನ್ನು ಜನ ಅಷ್ಟಾಗಿ ಲೆಕ್ಕಕ್ಕಿಟ್ಟಿರಲಿಲ್ಲ. ಅಡಿಕೆ ಕೊಯ್ಲಿಗೆ, ಗದ್ದೆಯ ಕೆಲಸಕ್ಕೆ ಕೆಳಗಿನಿಂದ ತುಳುವರು ಹತ್ತಿ ಬರುತ್ತಿದ್ದರು; ಬಂದವರು ಅನೇಕರು ಇಲ್ಲಿಯೇ ನೆಲೆಸಿದರು. ತೀರ್ಥಹಳ್ಳಿ ಸೀಮೆಯವರೇ ಆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಓದಿದವರಿಗೆ, ಘಟ್ಟದ ಕೆಳಗಿನಿಂದ ಬಂದ ದುಡಿಮೆಗಾರರ ಬದುಕು ಅಲ್ಲಿ ಎಷ್ಟು ಜೀವಂತವಾಗಿದೆಯೆಂದು ಬೇರೆ ಹೇಳಬೇಕಿಲ್ಲ.

ಭಯ ಕಳೆದ ಬಗೆ

ಹಿಂದಿನವರು ಘಟ್ಟಕ್ಕೆ ಹೆದರುತ್ತಿದ್ದುದು ಹುಲಿಗಿಂತ ಹೆಚ್ಚಾಗಿ ಜ್ವರಕ್ಕೆ. ಮಲೇರಿಯಾ ಮಲೆನಾಡಿನ ಊರೂರುಗಳನ್ನೇ ಬರಿದುಮಾಡಿತ್ತು. ಡೊಳ್ಳುಹೊಟ್ಟೆಯ ಮಕ್ಕಳು, ಪಾಳುಬಿದ್ದ ಮನೆಗಳು, ಮಲೆನಾಡಿಗೆ ವರ್ಗವಾದರೆ ರಜೆ ಹಾಕುವ ನೌಕರರು – ಇವು ಆ ಕಾಲದ ನಿತ್ಯದ ಸಂಗತಿಗಳು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಮನೆಗೂ ಡಿಡಿಟಿ ಸಿಂಪಡಣೆಯಾದ ಮೇಲೆ ಮಲೆನಾಡು ಉಸಿರಾಡಿತು. ಇಂದಿನ ಪ್ರವಾಸಿ ಆಗುಂಬೆಯಲ್ಲಿ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾನೆಂದರೆ ಅದಕ್ಕೆ ಮೊದಲ ಕಾರಣ, ಪಂಪು ಹೊತ್ತು ಮನೆಮನೆ ಸುತ್ತಿದ ಆ ಅನಾಮಧೇಯ ಆರೋಗ್ಯ ಕಾರ್ಯಕರ್ತ. ಆದರೆ ಕಾಡು ತನ್ನ ಎಚ್ಚರಿಕೆಯನ್ನು ಪೂರ್ತಿ ಹಿಂತೆಗೆದುಕೊಂಡಿಲ್ಲ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇಂದಿಗೂ ಬೇಸಗೆಯಲ್ಲಿ ಮಲೆನಾಡನ್ನು ಕಾಡುತ್ತದೆ. ಉಣ್ಣೆಗಳಿಂದ ಹರಡುವ ರೋಗವಿದು. ಸತ್ತ ಮಂಗ ಕಂಡಲ್ಲಿ ಸುಳಿಯಬಾರದು.

ರೋಗ ಹೋಯಿತು, ಗಡಿ ಹೋಯಿತು, ರಸ್ತೆಗೆ ಡಾಂಬರು ಬಿತ್ತು. ಆದರೂ ಆಗುಂಬೆಯನ್ನು ದೇಶಕ್ಕೆಲ್ಲ ತೋರಿಸಿದ್ದು ದೂರದರ್ಶನ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986–87ರಲ್ಲಿ ಪ್ರಸಾರವಾಯಿತು. ನಾರಾಯಣ್ ಅವರ ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರು. ಶಂಕರ್‌ನಾಗ್ ಅದಕ್ಕೊಂದು ನೆಲ ಹುಡುಕಿ ಆಗುಂಬೆಯ ಬೀದಿಯಲ್ಲಿ ಸ್ಥಾಪಿಸಿದರು. ಅಲ್ಲಿಯ ‘ದೊಡ್ಡಮನೆ’ಯ ಕಂಬಗಳನ್ನೂ ಅಂಗಳವನ್ನೂ ನೋಡಲು ಇಂದಿಗೂ ಜನ ಬರುತ್ತಾರೆ. ಊರಿನಲ್ಲಿ ಟಿ.ವಿ. ಇದ್ದ ಒಂದೆರಡು ಮನೆಗಳ ಮುಂದೆ ಗುಂಪುಗೂಡಿ ಆ ಧಾರಾವಾಹಿಯನ್ನು ನೋಡಿದ ತಲೆಮಾರು ನಮ್ಮದು.

ಶಾಲಾ ಪ್ರವಾಸಗಳು ಆಗುಂಬೆಯತ್ತ ತಿರುಗಿದ್ದೂ ಆ ವರ್ಷಗಳಲ್ಲಿಯೇ. ಹರಿಹರದ ಕಡೆಯ ನಮ್ಮ ಪ್ರೌಢಶಾಲೆಯಿಂದ ನಾವು ಕೆಲವು ಬಾರಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇವೆ. ದೊಡ್ಡ ಬಸ್ಸುಗಳು ಘಾಟಿ ಇಳಿಯುವಂತಿಲ್ಲ. ಅಲ್ಲಿಯ ತಿರುವುಗಳಿಗೆ ಮಿನಿ ಬಸ್ಸೇ ಸರಿ. ಆದ್ದರಿಂದ ನಮ್ಮ ಪ್ರವಾಸ ಸೂರ್ಯಾಸ್ತದ ಕಟ್ಟೆಯವರೆಗೆ ಮಾತ್ರ. ನವೆಂಬರಿನಿಂದ ಜನವರಿಯವರೆಗೆ ಆಕಾಶ ಶುಭ್ರವಾಗಿದ್ದರೆ ಅಲ್ಲಿಂದ ದೂರದ ಅರಬ್ಬೀ ಸಮುದ್ರ ಒಂದು ಹೊಳೆಯುವ ಗೆರೆಯಂತೆ ಕಾಣುತ್ತದೆ. ಒಂದು ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ಸಮುದ್ರವನ್ನು ಬಿಟ್ಟು ಬೆನ್ನ ಹಿಂದಿನ ಕಾಡನ್ನು ನೋಡುತ್ತ ನಿಂತಿದ್ದವಳು, “ಸಾರ್, ಇಲ್ಲಿ ಇಷ್ಟೊಂದು ಮಳೆ ಬರುತ್ತಂತಲ್ಲ, ಅದರಲ್ಲಿ ನಮ್ಮೂರಿಗೇನಾದರೂ ಬರುತ್ತಾ?” ಎಂದು ಕೇಳಿದಳು.

ನಾನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಈ ಅಂಚಿನಿಂದ ಪಶ್ಚಿಮಕ್ಕೆ ಬಿದ್ದ ಹನಿ ಸೀತಾನದಿಯನ್ನು ಸೇರಿ ಕೆಲವೇ ದಿನಗಳಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದ ಹನಿ ಮಾಲತಿ ಹೊಳೆಯಲ್ಲಿ ಹರಿದು ತುಂಗೆಯನ್ನು ಸೇರುತ್ತದೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ ನಮ್ಮ ಹರಿಹರದ ಮಗ್ಗುಲಲ್ಲಿ ಹಾದು, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. “ಹಾಗಾದರೆ ನಾವು ಕುಡಿಯೋ ನೀರು ಇಲ್ಲೀದೇ ಅಲ್ಲವಾ ಸಾರ್?” ಎಂದಳು. ಹೌದಮ್ಮಾ, ಒಂದು ಪಾಲು ಇಲ್ಲಿಯದೇ ಎಂದೆ. ಘಟ್ಟದ ಕಾಡು ಯಾರದು ಎಂಬ ಪ್ರಶ್ನೆ ಎದ್ದಾಗಲೆಲ್ಲ ಆ ಹುಡುಗಿಯ ಮಾತು ನನಗೆ ನೆನಪಾಗುತ್ತದೆ. ಮಲೆನಾಡನ್ನು ಕಾಣದ ಬಯಲುಸೀಮೆಯ ರೈತನೂ ಈ ಕಾಡಿನ ಹಂಗಿನಲ್ಲಿದ್ದಾನೆ. ಮಳೆಯನ್ನು ತಡೆದು, ಎಲೆಗೊಬ್ಬರದ ನೆಲದಲ್ಲಿ ಇಂಗಿಸಿ, ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಹೊಳೆಗೆ ಬಿಡುವ ಕೆಲಸವನ್ನು ಆ ಕಾಡು ಮಾಡುತ್ತಿದೆ.

ಕಾಳಿಂಗನ ನೆಲೆ

ಆಗುಂಬೆಯ ಕಾಡಿನಲ್ಲಿ ಬಲಗಿ, ಧೂಪ, ರಾಮಪತ್ರೆ, ಹೆಬ್ಬಲಸು, ಮುರುಗಲು, ಉಪ್ಪಾಗೆ, ಬೆತ್ತ ಇವೆ. ಸಿಂಹಬಾಲದ ಸಿಂಗಳೀಕ, ಕೆಂಜಳಿಲು, ಮಂಗಟ್ಟೆ ಹಕ್ಕಿ ಇವೆ. ತೇಜಸ್ವಿಯವರ ‘ಕರ್ವಾಲೊ’ (1980) ಓದಿ ಬೆರಗಾದವರಿಗೆ ಆಸೆ ಹುಟ್ಟಿಸುವ ಹಾರುವ ಓತಿಯೂ ಇದೆ. ಆಗುಂಬೆಯ ಹೆಸರನ್ನೇ ಹೊತ್ತು ವಿಜ್ಞಾನದ ಪುಸ್ತಕಗಳನ್ನು ಸೇರಿದ ಗಿಡವೂ ಶಿಲೀಂಧ್ರವೂ ಉಂಟು. ಆದರೆ ಈ ಕಾಡಿಗೆ ಜಗತ್ತಿನ ಹೆಸರು ತಂದದ್ದು ಕಾಳಿಂಗಸರ್ಪ.

ಉರಗತಜ್ಞ ರೋಮ್ಯುಲಸ್ ವಿಟೇಕರ್ 1971ರಲ್ಲಿ ಆಗುಂಬೆಯಲ್ಲಿ ಕಾಳಿಂಗವನ್ನು ಕಂಡರು. ಆ ನಂಟು ಬೆಳೆದು 2005ರಲ್ಲಿ ‘ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ’ ಸ್ಥಾಪನೆಯಾಯಿತು. ಕಾಳಿಂಗದ ದೇಹದಲ್ಲಿ ಪುಟ್ಟ ರೇಡಿಯೋ ಸಾಧನವನ್ನಿರಿಸಿ ಅದು ಎಲ್ಲಿ ಹೋಗುತ್ತದೆ, ಏನು ತಿನ್ನುತ್ತದೆ ಎಂದು ಹಿಂಬಾಲಿಸುವ ಅಧ್ಯಯನ ಇಲ್ಲಿ 2008ರಿಂದ ನಡೆಯಿತು. ಜಗತ್ತಿನ ವಿಷಸರ್ಪಗಳಲ್ಲೆಲ್ಲ ಉದ್ದವಾದ ಈ ಹಾವು ಇತರ ಹಾವುಗಳನ್ನೇ ತಿಂದು ಬದುಕುತ್ತದೆ. ಬೇಸಗೆಯಲ್ಲಿ ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದಲೇ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಯಿಟ್ಟು ಕಾಯುತ್ತದೆ. ಮಳೆಗಾಲದಲ್ಲಿ ಮರಿಗಳು ಹೊರಬರುತ್ತವೆ. ಈ ಸೀಮೆಯಲ್ಲಿ ಮನೆಯ ಅಟ್ಟಕ್ಕೋ ಕೊಟ್ಟಿಗೆಗೋ ಕಾಳಿಂಗ ಬಂದರೆ ಕೋಲು ಹಿಡಿಯದೆ ಹಾವು ಹಿಡಿಯುವವರನ್ನು ಕರೆಸುವವರೇ ಹೆಚ್ಚು. ವಿಜ್ಞಾನಿಗಳು ಇಲ್ಲಿ ಇಷ್ಟೆಲ್ಲ ಕಲಿಯಲು ಸಾಧ್ಯವಾದದ್ದು ಜನರಲ್ಲಿರುವ ಆ ಭಯಭಕ್ತಿಯಿಂದ.

2024ರಲ್ಲಿ ಒಂದು ಮುಖ್ಯ ಸಂಗತಿ ನಡೆಯಿತು. ಒಂದೇ ಪ್ರಭೇದವೆಂದು ತಿಳಿದಿದ್ದ ಕಾಳಿಂಗ ವಾಸ್ತವವಾಗಿ ನಾಲ್ಕು ಪ್ರಭೇದಗಳೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಅದರಲ್ಲಿ ಪಶ್ಚಿಮಘಟ್ಟಗಳದೇ ಆದ ಪ್ರಭೇದಕ್ಕೆ ಇಟ್ಟ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ನಮ್ಮ ಅಜ್ಜಿಯರ ಬಾಯಿಮಾತು ಜಗತ್ತಿನ ವಿಜ್ಞಾನದ ಮಾತಾಯಿತು! ಕನ್ನಡದ ಮೇಷ್ಟರುಗಳು ತರಗತಿಯಲ್ಲಿ ಹೇಳಲೇಬೇಕಾದ ಸಂಗತಿಯಿದು.

ರಕ್ಷಣೆಯೂ ಆತಂಕವೂ

ಘಾಟಿಯ ಬುಡದ ಸೋಮೇಶ್ವರ ದೇವಾಲಯದ ಹೆಸರಿನಲ್ಲಿ 1974ರಲ್ಲಿ ಸುಮಾರು 88 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಘೋಷಿಸಲಾಯಿತು. 2011ರಲ್ಲಿ ಅದರ ವ್ಯಾಪ್ತಿ 300 ಚದರ ಕಿಲೋಮೀಟರನ್ನು ಮೀರಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಕರ್ನಾಟಕದ ಹತ್ತರಲ್ಲಿ ಸೋಮೇಶ್ವರ ವನ್ಯಧಾಮವೂ ಆಗುಂಬೆಯ ಮೀಸಲು ಅರಣ್ಯವೂ ಇದ್ದವು. ಅಂದಿನ ರಾಜ್ಯ ಸರ್ಕಾರ ಆ ಪಟ್ಟಿಯನ್ನು ವಿರೋಧಿಸಿತ್ತು; ಊರವರಲ್ಲಿಯೂ ಅಸಮಾಧಾನವಿತ್ತು. ಅದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ತಲೆತಲಾಂತರದಿಂದ ಕಾಡಿನೊಳಗೆ ತೋಟಗದ್ದೆ ಮಾಡಿಕೊಂಡಿರುವವರಿಗೆ ಪ್ರತಿಯೊಂದು ಘೋಷಣೆಯೂ ಒಕ್ಕಲೆಬ್ಬಿಸುವಿಕೆಯ ಮುನ್ಸೂಚನೆಯಂತೆ ಕೇಳಿಸುತ್ತದೆ. ರಸ್ತೆ ಬೇಕೆಂದರೆ, ಕರೆಂಟು ಬೇಕೆಂದರೆ ಅರಣ್ಯ ಕಾನೂನು; ನಗರದವರ ವಾಹನಗಳಿಗೆ ಮಾತ್ರ ದಾರಿ ಸಲೀಸು ಎಂಬ ಅವರ ನೋವಿನಲ್ಲಿ ಸತ್ಯವಿದೆ.

ಇದೇ ಅಸಮಾಧಾನದ ನೆಲದಲ್ಲಿ 2003ರ ಸುಮಾರಿಗೆ ನಕ್ಸಲ್ ಚಟುವಟಿಕೆ ಈ ಘಟ್ಟಸಾಲಿನಲ್ಲಿ ಬೆಳಕಿಗೆ ಬಂದಿತು. ಹಲವು ವರ್ಷಗಳ ಕಾಲ ಬಂದೂಕು, ಶೋಧ, ಸಾವುಗಳ ಸುದ್ದಿ. ಚಾರಣಿಗರು ಹಿಂಜರಿದರು, ಕಾಡೊಳಗಿನ ಮನೆಯವರು ಎರಡೂ ಕಡೆಯ ಸಂಶಯಕ್ಕೆ ಸಿಕ್ಕಿ ನವೆದರು. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪದ ಕಬ್ಬಿನಾಲೆಯಲ್ಲಿ ನಡೆದ ಎನ್‌ಕೌಂಟರ್, 2025ರ ಜನವರಿಯಲ್ಲಿ ಆರು ಮಂದಿಯ ಶರಣಾಗತಿಯೊಂದಿಗೆ ಆ ಅಧ್ಯಾಯ ಮುಗಿಯುತ್ತ ಬಂದಿತು. ಅದಕ್ಕೆ ಕಾರಣವಾದ ಭೂಮಿಯ ಪ್ರಶ್ನೆ ಮುಗಿದಿದೆಯೆನ್ನಲಾಗದು.

ಕಾಡಿನ ಒಂದೊಂದು ವಸ್ತುವೂ ಮಾರುಕಟ್ಟೆಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಉಪ್ಪಾಗೆಯ ಕಥೆ ಸಾಕು. ಮೀನುಸಾರಿಗೆ ಹುಳಿಯಾಗಿ ಮನೆಮಟ್ಟಿಗೆ ಬಳಕೆಯಲ್ಲಿದ್ದ ಈ ಕಾಯಿಯ ಸಿಪ್ಪೆಗೆ, ಬೊಜ್ಜು ಕರಗಿಸುವ ಔಷಧಿಗೆ ಬೇಕೆಂದು 1990ರ ದಶಕದಲ್ಲಿ ವಿದೇಶದಿಂದ ಬೇಡಿಕೆ ಬಂದಿತು. ಬೆಲೆ ಏರಿದ್ದೇ ತಡ, ಪೈಪೋಟಿಯಲ್ಲಿ ಬಲಿಯದ ಕಾಯಿಗಳನ್ನೂ ಕೊಯ್ದರು, ಕೊಂಬೆಗಳನ್ನೇ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಬೆಂಕಿ ಬೇಕು. ಆ ಬೆಂಕಿಗೆ ಮತ್ತೆ ಕಾಡಿನ ಸೌದೆ.

ಈಗ ಮಾರುಕಟ್ಟೆಗೆ ಸಿಕ್ಕಿರುವುದು ನೋಟ. ಮಂಜು, ಜಲಪಾತ, ಸೂರ್ಯಾಸ್ತಗಳಿಗೆ ಬೆಲೆ ಬಂದಿದೆ. ಹೋಂಸ್ಟೇಗಳಿಂದ ಅಡಿಕೆಯನ್ನಷ್ಟೇ ನಂಬಿದ್ದ ಮನೆಗಳಿಗೆ ನಾಲ್ಕು ಕಾಸು ಬರುತ್ತಿರುವುದು ಒಳ್ಳೆಯದೇ. ಓದಿದ ಮಗನೋ ಸೊಸೆಯೋ ಬೆಂಗಳೂರಿನಿಂದ ಊರಿಗೆ ಹಿಂದಿರುಗಲು ಅದೊಂದು ಕಾರಣವಾಗಿದೆ. ಆದರೆ ಬರ್ಕಣ, ಒನಕೆ ಅಬ್ಬಿ, ಜೋಗಿಗುಂಡಿ ಎಂದು ರಜೆಯ ದಿನಗಳಲ್ಲಿ ಮುಗಿಬೀಳುವ ವಾಹನಗಳು, ತಿರುವಿನಲ್ಲಿ ನಿಲ್ಲಿಸಿ ಪಟ ತೆಗೆಯುವವರು, ಮಂಗಗಳಿಗೆ ಬಿಸ್ಕತ್ತು ಎಸೆಯುವವರು, ಕಣಿವೆಗೆ ಬಾಟಲಿ ಬೀಸುವವರು – ಇವರಿಗೂ ಉಪ್ಪಾಗೆಯ ಕೊಂಬೆ ಕಡಿದವರಿಗೂ ನಾನು ಹೆಚ್ಚಿನ ಭೇದವನ್ನು ಕಾಣೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಟ್ಟಿಗೆ ನುಗ್ಗಿದಾಗ ಸರ್ಕಾರ ಎಚ್ಚೆತ್ತು, ಚಾರಣಕ್ಕೆ ಮುಂಗಡ ನೋಂದಣಿ, ಸಂಖ್ಯೆಯ ಮಿತಿಗಳನ್ನು ತರಬೇಕಾಯಿತು.

ಘಾಟಿಯ ರಸ್ತೆಯ ಸ್ಥಿತಿಯೂ ಸೂಕ್ಷ್ಮವೇ. ಮಳೆಗಾಲದಲ್ಲಿ ಗುಡ್ಡ ಜರಿದು ಸಂಚಾರ ನಿಲ್ಲುವುದು ಹೊಸತಲ್ಲ. ರಸ್ತೆ ಅಗಲವಾಗಲಿ, ಸುರಂಗ ಬರಲಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ತುರ್ತುಚಿಕಿತ್ಸೆಗೆ ಮಣಿಪಾಲದ ಆಸ್ಪತ್ರೆಗೆ ಧಾವಿಸುವ ಮಲೆನಾಡಿನ ರೋಗಿಗೆ ಈ ರಸ್ತೆಯೇ ಜೀವನಾಡಿ ಎಂಬುದನ್ನು ಬಲ್ಲೆ. ಅದಕ್ಕೆ ಬೇಕಾದ ಭದ್ರತೆಯನ್ನು ಮಾಡಲೇಬೇಕು. ಆದರೆ ರೋಗಿಯ ಅವಸರ ಬೇರೆ, ಪ್ರವಾಸಿಯ ಅವಸರ ಬೇರೆ. ಎರಡನೆಯದಕ್ಕಾಗಿ ಗುಡ್ಡ ಕಡಿದರೆ, ಕಡಿದ ಗುಡ್ಡ ಜರಿದು ಮೊದಲನೆಯವನ ದಾರಿಯೂ ಮುಚ್ಚೀತು.

ಕೊನೆಯ ಮಾತು

ನನ್ನ ವಿದ್ಯಾರ್ಥಿ ಮಿತ್ರರೇ, ಬಂಧುಗಳೇ, ಆಗುಂಬೆಗೆ ಹೋಗಬೇಡಿರೆಂದು ಹೇಳಲು ಇಷ್ಟು ಬರೆಯಲಿಲ್ಲ. ಅವಶ್ಯವಾಗಿ ಹೋಗಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಗಂಟೆಯ ಸೂರ್ಯಾಸ್ತಕ್ಕಾಗಿ ಹೋಗದೆ ಎರಡು ದಿನ ಊರಿನಲ್ಲಿ ತಂಗಿ. ಊರಿನವರ ಮನೆಯಲ್ಲಿ ಊಟ ಮಾಡಿ, ಅವರ ಕೈಗೆ ಹಣ ಕೊಡಿ. ಕಾಡಿನೊಳಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಯೊಡನೆ ಹೋಗಿ. ಮಳೆಗಾಲದಲ್ಲಿ ಹೊಳೆಗಿಳಿಯುವ ಸಾಹಸ ಬೇಡ. ಕಟ್ಟೆಯ ಮೇಲೆ ನಿಂತಾಗ ಮಕ್ಕಳಿಗೆ ಎರಡು ಸಂಗತಿಗಳನ್ನು ಹೇಳಿ: ನಿಮ್ಮಜ್ಜನ ಕಾಲದಲ್ಲಿ ಇದು ಎರಡು ರಾಜ್ಯಗಳ ಗಡಿಯಾಗಿತ್ತು, ಇಂದಿಗೂ ಇದು ಎರಡು ಕಡಲುಗಳಿಗೆ ನೀರು ಹಂಚುವ ಎಲ್ಲೆಯಾಗಿದೆ.

ಹೇರೆತ್ತು ಹೊಡೆದುಕೊಂಡು ಈ ಘಟ್ಟ ಹತ್ತಿದವನಿಗೆ ‘ನಿಸರ್ಗಪ್ರೇಮ’ ಎಂಬ ಪದ ತಿಳಿದಿರಲಿಲ್ಲ. ಆದರೆ ಎಷ್ಟು ಹೊರೆ ಹೇರಬಹುದು, ಯಾವ ತಿಂಗಳಲ್ಲಿ ಹತ್ತಬಾರದು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ತಿಳಿದಿತ್ತು. ಘಟ್ಟಕ್ಕೂ ಹೊರುವ ಮಿತಿಯೊಂದಿದೆ. ಅಷ್ಟನ್ನು ನೀವೂ ತಿಳಿದು ನಡೆದರೆ ಈ ಹಳೆಯ ಮೇಷ್ಟರಿಗೆ ಸಂತೋಷ.